ತೂತಿನ ಎರಡು ಪರದೆ, ನಡುವೆ ಒಂದು ಹಕ್ಕಿ: ರೆಕ್ಕೆ ಬಡಿಯೋ ಬದಲು ಹರಿದುಹೋಗ್ತಿದೆ

ಅರೆಬೆಳಕು (ಚರ್ಚೆ ಆರಂಭಿಸಿದವರು)

ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಕೂತಿದ್ದೀನಿ, ಯಾರಾದರೂ ದಾರಿ ತೋರಿಸಿ.

ಜನ ಓಡಾಡುವ ಉದ್ದನೆಯ ಕಾರಿಡಾರ್ ಗೋಡೆಗೆ 2.4 ಮೀಟರ್ ಅಗಲದ ಫಲಕ ಮಾಡ್ತಿದ್ದೀನಿ. ಮೋಟಾರ್ ಇಲ್ಲ, ಸ್ಕ್ರೀನ್ ಇಲ್ಲ. ಎರಡು ಕಪ್ಪು ಹಾಳೆ ಒಂದರ ಹಿಂದೆ ಒಂದು, ಅದರ ಹಿಂದೆ ಬೆಳಕು. ಮುಂದಿನ ಹಾಳೆಯಲ್ಲಿ ಬರೀ ನೆಟ್ಟಗಿನ ಸೀಳುಗಳು. ಹಿಂದಿನದರಲ್ಲಿ ಹಕ್ಕಿಯ ಆರು ಭಂಗಿಗಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದರ ಪಕ್ಕ ಒಂದು ಹೆಣೆದು ಕೊರೆದಿದ್ದೀನಿ. ಜನ ನಡೆದು ಹೋದ ಹಾಗೆ ಹಕ್ಕಿ ರೆಕ್ಕೆ ಬಡೀಬೇಕು. ಇಷ್ಟೇ ಆಸೆ.

ಮೊದಲು ಎ4 ಹಾಳೆಯಲ್ಲಿ ಮಾಡಿ ನೋಡಿದೆ. ಚಿತ್ರ ಕಾಗದದ ಮೇಲೆ, ಸೀಳುಗಳು ಪಾರದರ್ಶಕ ಹಾಳೆಯ ಮೇಲೆ. ಹಾಳೆಯನ್ನು ಕೈಯಲ್ಲಿ ಎಳೆದರೆ ಹಕ್ಕಿ ಜೀವ ಬಂದ ಹಾಗೆ ಹಾರಿತು. ಅದೇ ಧೈರ್ಯದಲ್ಲಿ ಪೂರ್ತಿ ಅಳತೆಯ ಮಾದರಿಯನ್ನು ರಟ್ಟಿನಲ್ಲಿ ಕೊರೆದೆ. ಸೀಳು 4 ಮಿ.ಮೀ., ಎರಡು ಸೀಳುಗಳ ನಡುವೆ 20 ಮಿ.ಮೀ. ಕಪ್ಪು, ಅಂದರೆ ಪಿಚ್ (ಒಂದು ಸೀಳಿನ ಶುರುವಿನಿಂದ ಮುಂದಿನದರ ಶುರುವಿಗೆ) 24. ಹಿಂದಿನ ಹಾಳೆಯಲ್ಲೂ ಆರು ಪಟ್ಟಿಗೆ ಅದೇ 24. ಎರಡರ ನಡುವೆ 40 ಮಿ.ಮೀ. ಅಂತರ. ನೋಡುವವರು ಸುಮಾರು 2 ಮೀಟರ್ ದೂರದಲ್ಲಿ ನಡೀತಾರೆ.

ಬೆಳಕು ಹಾಕಿದರೆ ಹಕ್ಕಿಯೇ ಇಲ್ಲ! ಎಡ ರೆಕ್ಕೆಯ ತುದಿ ಮೇಲೆ, ಅದೇ ರೆಕ್ಕೆಯ ಬುಡ ಕೆಳಗೆ, ಬಲ ರೆಕ್ಕೆಯಲ್ಲೂ ಇದೇ ಗೋಳು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಾನು ನಡೆದರೆ ಆ ಹರಕು ಕೂಡ ನನ್ನ ಜೊತೆಗೇ ನಡೆಯುತ್ತೆ. ಎಲ್ಲಿ ತಪ್ಪಿದೆ?

ಪಿಕ್ಸೆಲ್‌ಪುರಾಣ

ಪ್ರಿಂಟ್ ಅಥವಾ ಕಟಿಂಗ್ ಅಳತೆ ತಪ್ಪಿರಬೇಕು. ನನಗೂ ಆಗಿತ್ತು. ಪ್ರಿಂಟ್ ಮಾಡುವಾಗ "ಪುಟಕ್ಕೆ ಹೊಂದಿಸು" ಆಯ್ಕೆ ಹಾಗೇ ಉಳಿದಿತ್ತು, ಕಾಗದದ ಮೇಲಿನ ಚಿತ್ರ 200 ಮಿ.ಮೀ. ಇರಬೇಕಾದ್ದು 199 ಬಂತು. ಒಂದು ಮಿ.ಮೀ. ತಾನೇ ಅಂದುಕೊಂಡೆ. ಆದರೆ ನನ್ನ ಸೀಳು ಅರ್ಧ ಮಿ.ಮೀ. ಹಾಗಾಗಿ ಎಡ ತುದಿಯಲ್ಲಿ ಒಂದನೇ ಫ್ರೇಮ್ (ಒಂದು ಭಂಗಿಯ ಚಿತ್ರ) ಕಂಡರೆ ಬಲ ತುದಿಯಲ್ಲಿ ಮೂರನೆಯದು. ನನ್ನ ಚಿತ್ರ ಓಡುವ ಕುದುರೆಯದು, ಅದರ ಮುಂಗಾಲು ಇನ್ನೂ ನೆಲದ ಮೇಲೆ, ಹಿಂಗಾಲು ಆಗಲೇ ಗಾಳಿಯಲ್ಲಿ.

ಸಣ್ಣ ಅಳತೆಯಲ್ಲಿ ಮಾಡುವವರಿಗೆ: ಸೀಳಿನ ಅಗಲ ಪೂರ್ಣ ಪಿಕ್ಸೆಲ್‌ಗಳಲ್ಲೇ ಇರಲಿ. 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) 12 ಪಿಕ್ಸೆಲ್ ಅಂದರೆ 0.508 ಮಿ.ಮೀ. ಅಂಚು ನಯ ಮಾಡುವ ಆಂಟಿ-ಅಲಿಯಾಸಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಗೆರೆಯ ಅಂಚಿಗೆ ಬೂದಿ ಬಣ್ಣ ಬಂದು ಫ್ರೇಮ್‌ಗಳು ಒಂದರೊಳಗೊಂದು ಸೋರುತ್ತವೆ.

ಅರೆಬೆಳಕು

ಅಳತೆ ಸರಿ ಇದೆ ಗುರು. ಟೇಪ್ ಹಿಡಿದು ಮೂರು ಸಲ ನೋಡಿದೆ. ನೂರು ಸೀಳು, ಎರಡೂ ಹಾಳೆಯಲ್ಲಿ 2400 ಮಿ.ಮೀ.

ಲೆಕ್ಕದಮೇಷ್ಟ್ರು

ಅಳತೆ ಸರಿ ಇರೋದೇ ತಪ್ಪು.

ಎ4 ಮಾದರಿಯಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿದ್ದವು, ಕಣ್ಣು ಎಲ್ಲಿದ್ದರೂ ಲೆಕ್ಕ ಒಂದೇ. ಈಗ ನಡುವೆ 40 ಮಿ.ಮೀ. ಬಂದಿದೆ. ಹಿಂದಿನ ಹಾಳೆ ಕಣ್ಣಿಗೆ ಸ್ವಲ್ಪ ದೂರ, ಆದ್ದರಿಂದ ಸ್ವಲ್ಪ ಚಿಕ್ಕದು. ನೀವು 24 ಎಂದು ಕೊರೆದದ್ದು ಕಣ್ಣಿಗೆ 24 ಅಲ್ಲ. 2000ವನ್ನು 2040ರಿಂದ ಭಾಗಿಸಿ 24ರಿಂದ ಗುಣಿಸಿ: 23.53. ಪ್ರತಿ ಸೀಳಿಗೂ ಅರ್ಧ ಮಿ.ಮೀ.ಗೆ ಹತ್ತಿರದಷ್ಟು ಜಾರುತ್ತದೆ. ನೂರು ಸೀಳು ದಾಟುವಷ್ಟರಲ್ಲಿ ಆರು ಫ್ರೇಮಿನ ಸುತ್ತು ಎರಡು ಸಲ ಮುಗಿದಿರುತ್ತದೆ. ನಿಮ್ಮ ಹಕ್ಕಿ ಎಡದಿಂದ ಬಲಕ್ಕೆ ಎರಡು ಸಲ ರೆಕ್ಕೆ ಬಡಿದಿದೆ, ಒಂದೇ ಕ್ಷಣದಲ್ಲಿ, ಒಂದೇ ಮೈಯಲ್ಲಿ.

ಪರಿಹಾರ: ಹಿಂದಿನ ಹಾಳೆಯ ಪಿಚ್ ಹಿಗ್ಗಿಸಿ. 24 ಗುಣಿಸು 2040, ಭಾಗಿಸು 2000. 24.48 ಬರುತ್ತದೆ, ಅಂದರೆ ಒಂದೊಂದು ಪಟ್ಟಿ 4.08 ಮಿ.ಮೀ. ಆಗ 2 ಮೀಟರ್ ದೂರದ ಕಣ್ಣಿಗೆ ಫಲಕದ ಉದ್ದಕ್ಕೂ ಒಂದೇ ಫ್ರೇಮ್. ಹಿಂದಿನ ಹಾಳೆ ಅಂಚಿನಲ್ಲಿ ಒಟ್ಟು 48 ಮಿ.ಮೀ. ಹೆಚ್ಚು ಅಗಲವಾಗುತ್ತದೆ, ಚೌಕಟ್ಟಿನಲ್ಲಿ ಜಾಗ ಬಿಟ್ಟಿರಿ.

ಇನ್ನು ಹರಕು ನಿಮ್ಮ ಜೊತೆ ನಡೆದ ವಿಚಾರ. ಇದು ನನಗೆ ಇಡೀ ವಿಷಯದಲ್ಲೇ ಇಷ್ಟವಾದ ಭಾಗ. ಎರಡೂ ಪಿಚ್ ಒಂದೇ ಆಗಿದ್ದರೆ ನಿಮ್ಮ ಮೂಗಿನ ನೇರಕ್ಕೆ ಇರುವ ಸೀಳು ಅದರ ಹಿಂದಿನ ಪಟ್ಟಿಗೆ ಯಾವಾಗಲೂ ನೇರವೇ. ಒಂದು ಹೆಜ್ಜೆ ಬಲಕ್ಕೆ ಇಟ್ಟರೆ ಈಗ ಅಲ್ಲಿನ ಸೀಳು ನೇರ. ಆದ್ದರಿಂದ ವಿನ್ಯಾಸ ನಿಮ್ಮಷ್ಟೇ ವೇಗದಲ್ಲಿ ನಿಮ್ಮ ಪಕ್ಕದಲ್ಲೇ ಬರುತ್ತದೆ. ದೂರ ಹೋದರೆ ಆ ಹರಕಿನ ಪಟ್ಟೆ ಅಷ್ಟೇ ಪಾಲು ದೊಡ್ಡದಾಗುತ್ತದೆ, ಆದ್ದರಿಂದ ಕಣ್ಣಿಗೆ ಕಾಣುವ ಗಾತ್ರ ಬದಲಾಗುವುದೇ ಇಲ್ಲ. ನಾವು ನಡೆದ ಕಡೆ ಬರುವ, ಹತ್ತಿರ ಹೋದರೂ ದೊಡ್ಡದಾಗದ ವಸ್ತು ಯಾವುದು ಹೇಳಿ? ಚಂದ್ರ. ಒಂದೇ ಅಳತೆಯ ಎರಡು ಜಾಲರಿ ಸೇರಿದರೆ ಗೋಡೆಯೊಳಗೆ ಒಬ್ಬ ಚಂದ್ರ ಹುಟ್ಟುತ್ತಾನೆ.

ಅರೆಬೆಳಕು

ಮೇಷ್ಟ್ರೇ, ಕಾಲಿಗೆ ಬಿದ್ದೆ. ಟೇಪಿನಲ್ಲಿ ಮೂರು ಸಲ ಅಳೆದದ್ದಕ್ಕೆ ಈಗ ನಾಚಿಕೆ.

ಸುಮ್ನೆಬಂದೆ

ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ಎಲ್‌ಇಡಿ ಸ್ಕ್ರೀನ್ ಹಾಕಿ ಹಕ್ಕಿ ವಿಡಿಯೊ ಬಿಡಿ.

ಅರೆಬೆಳಕು

ವಿಡಿಯೊ ಹಕ್ಕಿ ಯಾರೂ ಇಲ್ಲದಿದ್ದಾಗಲೂ ಹಾರ್ತಿರುತ್ತೆ. ಇದು ನೀವು ನಿಂತರೆ ನಿಲ್ಲುತ್ತೆ, ನೀವು ಹೊರಟರೆ ಹೊರಡುತ್ತೆ. ನನಗೆ ಬೇಕಾಗಿರೋದು ಅದು.

ಹಳೇಮಸೂರ

ಇದು ಸಿನಿಮಾಕ್ಕಿಂತ ಹಳೆಯ ವಿದ್ಯೆ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ಓಡುವ ಗಾಡಿಚಕ್ರವನ್ನು ಬೇಲಿಯ ನೆಟ್ಟಗಿನ ಸಂದುಗಳ ಮೂಲಕ ನೋಡಿದರೆ ಚಕ್ರದ ಕಡ್ಡಿಗಳು ಬಾಗಿದಂತೆ ಯಾಕೆ ಕಾಣುತ್ತವೆ ಎಂದು 1824ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಬೇಲಿ ಒಂದು ಪರದೆ, ಚಕ್ರ ಇನ್ನೊಂದು. 1831ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಹಲ್ಲಿನ ಚಕ್ರಗಳನ್ನು ಒಂದರ ಹಿಂದೆ ಒಂದು ತಿರುಗಿಸಿ ಇದನ್ನೇ ಕೆದಕಿದರು. ಮರುವರ್ಷ ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೊ ಸೀಳುಗಳಿರುವ ಬಿಲ್ಲೆಯ ಮೇಲೆ ಚಿತ್ರ ಬರೆದು, ಕನ್ನಡಿಯ ಮುಂದೆ ತಿರುಗಿಸಿ, ಅವನ್ನು ಕುಣಿಸಿಯೇ ಬಿಟ್ಟರು. 1898ರ ಹೊತ್ತಿಗೆ ಗೆರೆಗಳ ಪಾರದರ್ಶಕ ಹಾಳೆಯ ಜೊತೆ ಬರುವ ಮಕ್ಕಳ ಚಿತ್ರಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿತ್ತು. ಹಾಳೆ ಸರಿಸಿದರೆ ಚಕ್ರ ತಿರುಗುತ್ತಿತ್ತು, ಹೊಗೆ ಸುರುಳಿ ಸುತ್ತುತ್ತಿತ್ತು.

ಅರೆಬೆಳಕು ಅವರ ಫಲಕದ ನಿಜವಾದ ಅಜ್ಜ ಅಂದರೆ ಅಮೆರಿಕದ ಫ್ರೆಡರಿಕ್ ಐವ್ಸ್. ಸೀಳು ಪರದೆಯ ಹಿಂದೆ ಅಂತರ ಬಿಟ್ಟು ಪಟ್ಟಿ ಚಿತ್ರ ಇಟ್ಟರೆ ಎರಡು ಕಣ್ಣಿಗೆ ಎರಡು ಚಿತ್ರ ಕಾಣಿಸಬಹುದು ಎಂದು ತೋರಿಸಿ 1903ರಲ್ಲಿ ಪೇಟೆಂಟ್ ಪಡೆದರು. ಅವರ ಉದ್ದೇಶ ಆಳ ತೋರಿಸುವುದು. ಇಲ್ಲಿ ಎರಡು ಕಣ್ಣಿನ ಬದಲು ಎರಡು ಹೆಜ್ಜೆ, ಅಷ್ಟೇ ವ್ಯತ್ಯಾಸ.

ಕಣ್ಣಿನಲ್ಲಿ ಚಿತ್ರ ಒಂದು ಗಳಿಗೆ ಉಳಿಯೋದರಿಂದ ಚಲನೆ ಕಾಣುತ್ತೆ ಅನ್ನೋ ಮಾತು ಎಲ್ಲ ಕಡೆ ಇದೆ. ಅದು ಅರ್ಧ ಸತ್ಯ. ಹಾಗೆ ಉಳಿದರೆ ಚಿತ್ರಗಳು ಒಂದರ ಮೇಲೊಂದು ಕಲಸಿಹೋಗಬೇಕಿತ್ತು. ಎರಡು ನಿಂತ ಚಿತ್ರಗಳ ನಡುವೆ ಚಲನೆಯನ್ನು ತುಂಬುವುದು ಮೆದುಳು ಎಂದು 1912ರಲ್ಲಿ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ಪ್ರಯೋಗದಿಂದಲೇ ತೋರಿಸಿದರು.

ಜೇನುಗೂಡು

ಒಂದು ಬೇರೆ ದಾರಿ ಹೇಳ್ಲಾ? ಪಟ್ಟಿ ಹೆಣೆಯೋ ಗೋಜೇ ಬೇಡ. ಮುಂದಿನ ಹಾಳೆಯಲ್ಲಿ 10 ಮಿ.ಮೀ. ಪಿಚ್‌ನ ಸಣ್ಣ ದುಂಡು ತೂತು. ಹಿಂದಿನದರಲ್ಲಿ 9.8 ಮಿ.ಮೀ. ಪಿಚ್‌ನಲ್ಲಿ ಸಾವಿರಾರು ಪುಟ್ಟ ಹಕ್ಕಿ ಆಕಾರದ ತೂತು. ಎರಡನ್ನೂ ತಾಗಿಸಿ ಇಟ್ಟರೆ ಪ್ರತಿ ದುಂಡು ತೂತು ಪಕ್ಕದ ತೂತಿಗಿಂತ 0.2 ಮಿ.ಮೀ. ಮುಂದಿನ ಭಾಗವನ್ನು ತೋರಿಸುತ್ತೆ. ಎಲ್ಲ ಕೂಡಿ 490 ಮಿ.ಮೀ. ಅಗಲಕ್ಕೆ ಒಂದೊಂದು ದೊಡ್ಡ ಹಕ್ಕಿ, ಐವತ್ತು ಪಟ್ಟು ಹಿಗ್ಗಿದ್ದು. ಹಿಂದಿನ ಹಾಳೆಯನ್ನು 9.8 ಮಿ.ಮೀ. ಸರಿಸಿದರೆ ದೊಡ್ಡ ಹಕ್ಕಿ 490 ಮಿ.ಮೀ. ಹಾರುತ್ತೆ. ಮ್ವಾರೆ ಅಂತಾರೆ ಇದಕ್ಕೆ, ನೀರಲೆ ಮೂಡಿಸಿದ ರೇಷ್ಮೆಗೆ ಫ್ರೆಂಚರು ಕೊಟ್ಟ ಹೆಸರು. 2013ರಲ್ಲಿ ಬಂದ ಅಮೆರಿಕದ 100 ಡಾಲರ್ ನೋಟಿನ ನೀಲಿ ಪಟ್ಟಿ ಓಲಾಡಿಸಿದರೆ ಚಿತ್ರ ಜರುಗುತ್ತಲ್ಲ, ಅದರ ಮೂಲವೂ ಇದೇ, ಅಲ್ಲಿ ತೂತಿನ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಲೆನ್ಸ್.

ಲೆಕ್ಕದಮೇಷ್ಟ್ರು

ಸುಂದರ ವಿದ್ಯೆ, ಆದರೆ ಇವರ ಕೆಲಸಕ್ಕಲ್ಲ. ಮ್ವಾರೆ ಹಕ್ಕಿ ತೇಲುತ್ತದೆ, ಹಿಗ್ಗುತ್ತದೆ, ವಾಲುತ್ತದೆ. ರೆಕ್ಕೆ ಬಡಿಯುವುದಿಲ್ಲ. ಅಲ್ಲಿ ಇರುವುದು ಒಂದೇ ಭಂಗಿ. ಭಂಗಿ ಬದಲಾಗಬೇಕಾದರೆ ಬೇರೆ ಬೇರೆ ಭಂಗಿಯನ್ನು ಎಲ್ಲಾದರೂ ಬಚ್ಚಿಡಲೇಬೇಕು, ಒಂದನ್ನು ತೋರಿಸುವಾಗ ಉಳಿದ ಐದನ್ನು ಮುಚ್ಚಲೇಬೇಕು. ಆರರಲ್ಲಿ ಐದು ಪಾಲು ಬೆಳಕು ತೆತ್ತು ಚಲನೆ ಕೊಳ್ಳುವ ವ್ಯವಹಾರ ಇದು.

ಮ್ವಾರೆಯನ್ನು ಇಲ್ಲಿ ಅಳತೆಗೋಲಾಗಿ ಬಳಸಿಕೊಳ್ಳಿ. 1874ರಲ್ಲೇ ಭೌತವಿಜ್ಞಾನಿ ಲಾರ್ಡ್ ರ‍್ಯಾಲಿ ಸೂಕ್ಷ್ಮ ಗೆರೆಗಳ ಎರಡು ಜಾಲರಿಗಳನ್ನು ಒಂದರ ಮೇಲೊಂದು ಇಟ್ಟು, ಮೂಡುವ ಪಟ್ಟೆ ನೋಡಿ ಗೆರೆ ನೆಟ್ಟಗಿದೆಯೇ ಎಂದು ಪರೀಕ್ಷಿಸಬಹುದು ಎಂದಿದ್ದರು. ಪಿಕ್ಸೆಲ್‌ಪುರಾಣ ಅವರ 199 ಮಿ.ಮೀ. ಕಥೆಗೂ ಇದೇ ಮದ್ದು. 1 ಮಿ.ಮೀ. ಪಿಚ್‌ನ ಗೆರೆಗಳನ್ನು ಎರಡು ಪ್ರಿಂಟರ್‌ನಲ್ಲಿ ತೆಗೆದು ಒಂದರ ಮೇಲೊಂದು ಸಮನಾಗಿ ಇಡಿ. 200 ಮಿ.ಮೀ. ಅಗಲದಲ್ಲಿ ಒಂದೇ ಒಂದು ಕಪ್ಪು ಪಟ್ಟೆ ಬಂದರೆ 200ರಲ್ಲಿ 1ರಷ್ಟು ತಪ್ಪಿದೆ ಎಂದು ಅರ್ಥ. ಟೇಪು ಹೇಳದ್ದನ್ನು ಪಟ್ಟೆ ಹೇಳುತ್ತದೆ.

ತಗಡುಕೆಲಸ

ಕೊರೆಯುವವನ ಕಡೆಯಿಂದ ಎರಡು ಮಾತು. ರಟ್ಟಿನಲ್ಲಿ ಆಯ್ತು, ತಗಡಿನಲ್ಲಿ ಈ ವಿನ್ಯಾಸ ನಿಲ್ಲಲ್ಲ. ಹಕ್ಕಿಯ ಮೈ ಆರೂ ಫ್ರೇಮಿನಲ್ಲಿ ಅಲ್ಲೇ ಇರುತ್ತೆ. ಹಾಗಾದರೆ ಆರೂ ಪಟ್ಟಿ ತೆರೆದಿರುತ್ತೆ. ಅಂದರೆ ಅಲ್ಲಿ ತಗಡೇ ಇಲ್ಲ, ಒಂದು ದೊಡ್ಡ ಬಾಯಿ! ಸುತ್ತಲಿನ ಪಟ್ಟಿಗಳು ಹಿಡಿತ ಇಲ್ಲದೆ ಜೋಲು ಬೀಳ್ತವೆ.

ಸೀಳಿನ ಬದಲು ತೂತಿನ ಸಾಲು ಮಾಡಿ. 4.08 ಮಿ.ಮೀ. ಪಟ್ಟಿಯ ನಟ್ಟನಡುವೆ 3 ಮಿ.ಮೀ. ತೂತುಗಳು, ಮೇಲಿಂದ ಕೆಳಗೆ. ಎರಡು ಸಾಲಿನ ನಡುವೆ 1 ಮಿ.ಮೀ.ಗಿಂತ ಚೂರು ಹೆಚ್ಚು ಲೋಹ ಉಳಿಯುತ್ತೆ. ಅಚ್ಚೊತ್ತಿ ತೂತು ಹೊಡೆಯುವ ಪಂಚಿಂಗ್‌ಗೆ ಇದು ತೀರಾ ಸಣ್ಣ, ತೆಳು ತಗಡಿನಲ್ಲಿ ಲೇಸರ್ ಕಟಿಂಗ್ ಮಾಡಿಸಿ. ಮುಂದಿನ ಹಾಳೆಯ ಸೀಳಿಗೂ ನಡುನಡುವೆ ಅಡ್ಡ ಸೇತುವೆ ಬಿಡಿ, ಇಲ್ಲದಿದ್ದರೆ ಅದು ತಗಡಲ್ಲ, ಬಾಚಣಿಗೆ.

ಮುಂದಿನ ಹಾಳೆಗೆ ದಪ್ಪ ತಗಡು ಬೇಡ. 4 ಮಿ.ಮೀ. ಸೀಳು, 2 ಮಿ.ಮೀ. ದಪ್ಪ ಅಂದರೆ 45 ಡಿಗ್ರಿ ಓರೆಯಿಂದ ನೋಡಿದಾಗ ಅರ್ಧ ಸೀಳು ಮುಚ್ಚಿರುತ್ತೆ. ದಪ್ಪ 4 ಇದ್ದರೆ ಪೂರ್ತಿ ಬಂದ್.

ಪಿಕ್ಸೆಲ್‌ಪುರಾಣ

ಆ 1 ಮಿ.ಮೀ. ಲೋಹ ಬೋನಸ್! ಸೀಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವಾಗ ಎರಡೂ ಫ್ರೇಮ್ ಸ್ವಲ್ಪ ಸ್ವಲ್ಪ ಕಂಡು ದೆವ್ವದ ಹಾಗೆ ಜೋಡಿ ಚಿತ್ರ ಬರುತ್ತಲ್ಲ, ನಡುವೆ ಕಪ್ಪು ಗಡಿ ಇದ್ದರೆ ಅದು ಕಡಿಮೆ. ಮುಂದಿನ ಸೀಳನ್ನೂ 4ರಿಂದ 3ಕ್ಕೆ ಇಳಿಸಿ, ಪಿಚ್ ಮಾತ್ರ 24 ಇರಲಿ. ಕತ್ತಲೆ ಸ್ವಲ್ಪ ಜಾಸ್ತಿ, ಚಿತ್ರ ಚೊಕ್ಕ.

ಇನ್ನೊಂದು ಗುಂಡಿ ಇದೆ, ನಾನು ಬಿದ್ದದ್ದು. ಕೈಯಲ್ಲಿ ಸೀಳು ಹಾಳೆಯನ್ನು ಬಲಕ್ಕೆ ಎಳೆದರೆ ಬಲಗಡೆಯ ಪಟ್ಟಿ ಕಾಣುತ್ತೆ. ಆದರೆ ನೀವೇ ಬಲಕ್ಕೆ ನಡೆದರೆ ಸೀಳಿನ ಹಿಂದೆ ಎಡಗಡೆಯ ಪಟ್ಟಿ ಕಾಣುತ್ತೆ. ಅಂದರೆ ಎ4 ಮಾದರಿಯ ಫೈಲನ್ನು ಹಾಗೇ ದೊಡ್ಡದು ಮಾಡಿದರೆ ಸಿನಿಮಾ ಹಿಂದುಮುಂದು. ಫ್ರೇಮ್ ಕ್ರಮ ತಿರುಗಿಸಿ.

ಅರೆಬೆಳಕು

ಕಾರಿಡಾರಿನಲ್ಲಿ ಜನ ಎರಡೂ ಕಡೆಯಿಂದ ಬರ್ತಾರೆ. ಒಬ್ಬರಿಗೆ ಸರಿ ಮಾಡಿದರೆ ಇನ್ನೊಬ್ಬರಿಗೆ ಉಲ್ಟಾ ಅಲ್ವಾ?

ಪಿಕ್ಸೆಲ್‌ಪುರಾಣ

ಹೌದು, ಅದರಿಂದ ಬಿಡುಗಡೆ ಇಲ್ಲ. ಹಕ್ಕಿ ಆರಿಸಿದ್ದು ನಿಮ್ಮ ಪುಣ್ಯ. ರೆಕ್ಕೆ ಮೇಲೆ ಹೋಗಿ ಕೆಳಗೆ ಬರೋದು ಉಲ್ಟಾ ಓಡಿಸಿದರೂ ಹೆಚ್ಚುಕಮ್ಮಿ ಅದೇ. ನನ್ನ ಕುದುರೆ ಎದುರಿನಿಂದ ಬಂದವರಿಗೆಲ್ಲ ಹಿಂದಕ್ಕೆ ಓಡ್ತಿತ್ತು.

ದಾರಿಹೋಕ

ತಿಳಿಯದೆ ಕೇಳ್ತೀನಿ, ರೆಕ್ಕೆ ಎಷ್ಟು ಬೇಗ ಬಡಿಯುತ್ತೆ? ನಿಧಾನ ನಡೆದರೆ ಚಲನೆ ಅನ್ನಿಸುತ್ತಾ?

ಲೆಕ್ಕದಮೇಷ್ಟ್ರು

ತಿಳಿಯದೆ ಕೇಳಿದರೂ ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಒಂದು ಫ್ರೇಮ್ ಬದಲಾಗಲು ಎಷ್ಟು ನಡೆಯಬೇಕು? ಪಟ್ಟಿಯ ಅಗಲವನ್ನು ದೂರದಿಂದ ಗುಣಿಸಿ ಅಂತರದಿಂದ ಭಾಗಿಸಿ. 4 ಗುಣಿಸು 2000, ಭಾಗಿಸು 40: 200 ಮಿ.ಮೀ. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಸೆಕೆಂಡಿಗೆ ಆರು ಫ್ರೇಮ್, ಒಂದು ಪೂರ್ತಿ ಬಡಿತ. ಸ್ವಲ್ಪ ಕುಕ್ಕುತ್ತದೆ, ಆದರೆ ಹಕ್ಕಿ ಎಂದು ತಿಳಿಯುತ್ತದೆ.

ಅಂತರ 80 ಮಾಡಿದರೆ 100 ಮಿ.ಮೀ.ಗೆ ಒಂದು ಫ್ರೇಮ್, ನುಣುಪು ಬರುತ್ತದೆ. ಆದರೆ ಅಂತರ ಹೆಚ್ಚಿದಷ್ಟೂ ದೂರದ ವಿಷಯದಲ್ಲಿ ಫಲಕ ಮುನಿಸಿಕೊಳ್ಳುತ್ತದೆ. 40 ಇದ್ದಾಗಲೇ ಲೆಕ್ಕ ನೋಡಿ: 2 ಮೀಟರ್‌ಗೆ ಹೊಂದಿಸಿದ ಫಲಕವನ್ನು ಒಂದೂವರೆ ಮೀಟರ್‌ನಿಂದ ನೋಡಿದರೆ, ಬೇಕಾದ ಪಿಚ್ 24.64, ಇರುವುದು 24.48. ನೂರು ಸೀಳಿಗೆ 16 ಮಿ.ಮೀ., ಅಂದರೆ ಎಡ ತುದಿಗೂ ಬಲ ತುದಿಗೂ ನಾಲ್ಕು ಫ್ರೇಮ್ ವ್ಯತ್ಯಾಸ. ಗೋಡೆಗೆ ಅರ್ಧ ಮೀಟರ್ ಹತ್ತಿರ ಬಂದವರಿಗೆ ನಿಮ್ಮ ಹಕ್ಕಿ ಮತ್ತೆ ಹರಿಯಿತು. 80 ಮಾಡಿದರೆ ಎಂಟು ಫ್ರೇಮ್.

ಹಾಗಾಗಿ ನನ್ನ ಸಲಹೆ: 2.4 ಮೀಟರ್ ಅಗಲದ ಒಂದು ಹಕ್ಕಿ ಬೇಡವೇ ಬೇಡ. 400 ಮಿ.ಮೀ.ನ ಆರು ಹಕ್ಕಿ ಬಿಡಿ. ಆ ನಾಲ್ಕು ಫ್ರೇಮಿನ ತಪ್ಪು ಆರು ಹಕ್ಕಿಗೆ ಹಂಚಿಹೋಗಿ ಒಂದೊಂದರೊಳಗೆ ಮುಕ್ಕಾಲು ಫ್ರೇಮಿಗಿಂತ ಕಡಿಮೆ ಉಳಿಯುತ್ತದೆ, ಕಣ್ಣು ಅದನ್ನು ಮನ್ನಿಸುತ್ತದೆ. ಉಳಿದ ತಪ್ಪು ಹಕ್ಕಿ ಹಕ್ಕಿಯ ನಡುವೆ ಬೀಳುತ್ತದೆ. ಅಲ್ಲಿ ಅದು ತಪ್ಪೇ ಅಲ್ಲ. ಒಂದರ ರೆಕ್ಕೆ ಮೇಲೆ, ಪಕ್ಕದ್ದು ಕೆಳಗೆ. ಗುಂಪಿನಲ್ಲಿ ಹಾರುವ ಹಕ್ಕಿಗಳು ಕವಾಯತು ಮಾಡುವುದಿಲ್ಲವಲ್ಲ.

ಅರೆಬೆಳಕು

ಇದು ಹೊಳೆದೇ ಇರಲಿಲ್ಲ. ತಪ್ಪನ್ನು ತೆಗೆಯೋದಲ್ಲ, ಜಾಗ ಬದಲಿಸೋದು. ಆರು ಹಕ್ಕಿ ಬರೀತೀನಿ.

ಹಿಂದಿನ ಹಾಳೆ ಅಕ್ರಿಲಿಕ್‌ನಲ್ಲಿ ಮಾಡಿದರೆ ಸುಲಭ ಆಗುತ್ತಾ? ಎತ್ತರದ ವಿಷಯವೂ ಇದೆ. ಮಕ್ಕಳ ಕಣ್ಣಿಗೆ ಬೇರೆ ಕಾಣುತ್ತಾ?

ತಗಡುಕೆಲಸ

ಅಕ್ರಿಲಿಕ್ ಕೊರೆಯಲು ಸುಲಭ, ಆದರೆ ಬಿಸಿಗೆ ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಹಿಗ್ಗುತ್ತೆ. 20 ಡಿಗ್ರಿ ಏರಿದರೆ 2.4 ಮೀಟರ್ ಅಕ್ರಿಲಿಕ್ 3 ಮಿ.ಮೀ.ಗೂ ಮೇಲೆ ಬೆಳೆದಿರುತ್ತೆ, ಅಲ್ಯೂಮಿನಿಯಂ 1 ಮಿ.ಮೀ. ಚಿಲ್ಲರೆ. ನಿಮ್ಮ ಪಟ್ಟಿಯೇ 4. ಎರಡೂ ಒಂದೇ ಲೋಹ ಇರಲಿ. ನಡುವೆ ಒಂದು ಕಡೆ ಗಟ್ಟಿ ಬಿಗಿದು ಎರಡು ತುದಿಗೆ ಉದ್ದನೆಯ ತೂತು ಕೊಡಿ, ಜರುಗಲಿ.

ಜೇನುಗೂಡು

ಎತ್ತರದ ಚಿಂತೆ ಬೇಡ. ಸೀಳು ನೆಟ್ಟಗೆ, ಹಿಂದಿನ ಸಾಲೂ ನೆಟ್ಟಗೆ. ಕಣ್ಣು ಮೇಲೆ ಕೆಳಗೆ ಹೋದರೆ ಅದೇ ಸಾಲಿನ ಬೇರೆ ತೂತು ಕಾಣುತ್ತೆ, ಫ್ರೇಮ್ ಬದಲಾಗಲ್ಲ. ಮುಂದಿನದೂ ದುಂಡು ತೂತಿನ ಜಾಲರಿ ಆಗಿದ್ದರೆ ಎರಡು ತೂತಿನ ಸಾಲು ಸೇರಿ ಅಡ್ಡ ಪಟ್ಟೆ ಓಡಾಡ್ತಿತ್ತು.

ಮುಂದಿನ ಹಾಳೆಯ ಒಳಮೈಗೂ ಮ್ಯಾಟ್ ಕಪ್ಪು ಹೊಡೀರಿ. ಹೊಳಪಿದ್ದರೆ ಬೆಳಕು ಎರಡು ಹಾಳೆಯ ನಡುವೆ ಪುಟಿದು ಮುಚ್ಚಬೇಕಾದ ಫ್ರೇಮ್‌ಗಳೂ ಮಸುಕಾಗಿ ಕಾಣ್ತವೆ. ಇನ್ನೊಂದು ವಿಷಯ, ತಮಾಷೆಯಲ್ಲ: ದಟ್ಟ ಕಪ್ಪು ಬಿಳುಪು ಪಟ್ಟೆ ಮಿನುಗುವುದು ಕೆಲವರಿಗೆ ತಲೆನೋವು ತರುತ್ತೆ, ಬೆಳಕಿಗೆ ಮೂರ್ಛೆ ಬರುವವರಿಗೆ ಅಪಾಯ. ಫಲಕದ ತುಂಬ ಪಟ್ಟೆ ತುಂಬದೆ ಹಕ್ಕಿಗಳ ಸುತ್ತ ಕತ್ತಲೆ ಬಿಡಿ.

ಅರೆಬೆಳಕು (ಹನ್ನೆರಡು ದಿನದ ನಂತರ)

ಆಯ್ತು! ಆರು ಹಕ್ಕಿ, ಹಿಂದೆ 24.48, ಎರಡೂ ಅಲ್ಯೂಮಿನಿಯಂ. ಮೊದಲ ಸಂಜೆ ಬೆಳಕು ಹಾಕಿ ನಡೆದೆ. 2 ಮೀಟರ್ ಗೆರೆಯ ಮೇಲೆ ಒಂದು ಬಿಟ್ಟು ಉಳಿದ ಐದೂ ಒಟ್ಟಿಗೆ ರೆಕ್ಕೆ ಎತ್ತಿದವು. ಗೋಡೆ ಕಡೆಗೆ ಸ್ವಲ್ಪ ವಾಲಿ ನಡೆದರೆ ಒಂದರ ಹಿಂದೆ ಒಂದು ತಾಳ ತಪ್ಪಿದವು, ಮೇಷ್ಟ್ರು ಹೇಳಿದ ಹಾಗೇ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಫೋಟೊ ಹಾಕಲು ನೋಡಿದೆ, ಮೊಬೈಲ್ ಕ್ಯಾಮೆರಾದ ಪಿಕ್ಸೆಲ್‌ಗಳೇ ಮೂರನೇ ಜಾಲರಿಯಾಗಿ ಬಣ್ಣದ ಅಲೆ ಎಬ್ಬಿಸ್ತಿವೆ. ಬಿಟ್ಟೆ.

ಒಂದೇ ತಕರಾರು. ಎಡದಿಂದ ಎರಡನೇ ಹಕ್ಕಿ ಮಾತ್ರ ಸೋಮಾರಿ. ಉಳಿದವು ನಾಲ್ಕು ಸಲ ಬಡಿದರೆ ಇದು ಮೂರು ಸಲ. ಫೈಲ್ ನೋಡಿದೆ, ಎಲ್ಲ ಒಂದೇ.

ಲೆಕ್ಕದಮೇಷ್ಟ್ರು

ಫೈಲ್ ಬಿಡಿ. ಅಲ್ಲಿ ಎರಡು ಹಾಳೆಯ ನಡುವೆ ಎಷ್ಟಿದೆ ಅಳೆಯಿರಿ. 30ರ ಆಸುಪಾಸು ಇರಬೇಕು.

ಅರೆಬೆಳಕು

31. ಅಲ್ಲಿ ಒಂದು ಸ್ಪೇಸರ್ (ಅಂತರ ಹಿಡಿಯುವ ತುಂಡು) ಬಿಟ್ಟುಹೋಗಿದೆ, ಮುಂದಿನ ತಗಡು ಒಳಕ್ಕೆ ಬಾಗಿ ನಿಂತಿದೆ. ಈಗಲೇ ಹಾಕ್ತಿದ್ದೀನಿ.